ಹಸಿರು ಬಳೆಯ ಸದ್ದು

ಇಡೀ ನಾಡಿಗೆ ಆಕೆ ಹಾಡುಗಾರ್ತಿ. ಆಕೆಗೆ ಹೆಸರು ತಂದ ಹಳೆಯ ಕ್ಯಾಸೆಟ್ಟಿನಲ್ಲಿ ತಬಲಾ ನುಡಿಸಿದವಳೂ ಆಕೆಯೇ ಎಂಬುದು ಈಗ ಗೊತ್ತಿದ್ದದ್ದು ಗಂಡನೊಬ್ಬನಿಗೆ. ರೆಕಾರ್ಡಿಂಗಿನ ದಿನ ತಬಲಾಗಾರನಾದ ಅವನ ಬೆರಳು ಉಳುಕಿತ್ತು. ಆಕೆ ಮೊದಲು ತಬಲಾ ನುಡಿಸಿ, ಆಮೇಲೆ ಅದಕ್ಕೇ ಹಾಡಿದ್ದಳು. ಅಚ್ಚಾದದ್ದು ಅವನ ಹೆಸರು.

ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಆಗ ಏಳು ತಿಂಗಳ ಬಸುರಿ. ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆಗಳನ್ನು ಹೆರಿಗೆಯವರೆಗೆ ತೆಗೆಯುವಂತಿರಲಿಲ್ಲ. ಪ್ರತಿ ಪೆಟ್ಟಿನ ಹಿಂದೆ ಅವು ಸಣ್ಣಗೆ ಕಿಣಿಗುಟ್ಟಿದ್ದವು. ಕಿವಿಯಿದ್ದವರು ಯಾರಾದರೂ ಒಂದು ದಿನ ಗುರುತಿಸಿಯಾರು ಎಂದುಕೊಂಡೇ ಮೂವತ್ತು ವರ್ಷ ಕಳೆದಿದ್ದಳು.

ಈಗ ಆ ಹಾಡುಗಳ ಅದೇ ಹಳೆಯ ರೆಕಾರ್ಡಿಂಗು ಹೊಸದಾಗಿ ಬರಲಿತ್ತು. "ಈ ಸಲ ನಿನ್ನ ಹೆಸರೇ ಹಾಕಿಸ್ತೀನಿ ಕಣೇ" ಎಂದು ಗಂಡ ವಾರವೆಲ್ಲ ಸ್ಟುಡಿಯೋಗೆ ಓಡಾಡಿದ.

ಕೊನೆಯ ದಿನ ಎಂಜಿನಿಯರ್ ಆಕೆಗೆ ಹಾಡು ಕೇಳಿಸಿದ. "ತಬಲಾ ಕೇಳಿ ಅಮ್ಮಾ! ಈ ಕೈಗೆ ಬಂಗಾರದ ಕಡಗ ತೊಡಿಸ್ಬೇಕು."

ಆಕೆಯ ಕಣ್ಣು ತುಂಬಿತು. ಮತ್ತೊಮ್ಮೆ ಕಿವಿಗೊಟ್ಟಳು. "ಇದರಲ್ಲಿ ಬಳೆ ಸದ್ದು ಇತ್ತಲ್ಲಪ್ಪಾ?"

"ಅದಾ? ಸರ್ ಪಕ್ಕದಲ್ಲೇ ಕೂತು, ಒಂದೊಂದನ್ನೂ ಹುಡುಕಿ ತೆಗೆಸಿದ್ರು ಅಮ್ಮಾ."