ಮೂಲೆ ಸೈಟು

ಶಿವನಂಜಪ್ಪ ಊರಾಚೆ ಬೀಳುಬಿದ್ದಿದ್ದ ಎರಡೆಕರೆಯನ್ನು ಇಡಿಯಾಗಿ ಅಗ್ಗಕ್ಕೆ ಕೊಂಡ. ಅಲ್ಲಿದ್ದ ಮಣ್ಣಿನ ದಿಬ್ಬಗಳನ್ನು ಜೆಸಿಬಿಯಿಂದ ಮಟ್ಟ ಮಾಡಿಸಿ, ನಂಬರಿನ ಕಲ್ಲು ನೆಡಿಸಿ, ನಲವತ್ತು ಸೈಟು ಮಾಡಿ ಕಂತಿಗೆ ಮಾರಲಿಟ್ಟ. ಮೂಲೆಯದೊಂದು ಬಿಟ್ಟು ಉಳಿದವೆಲ್ಲವನ್ನೂ ಪಕ್ಕದ ಹಟ್ಟಿಯವರೇ ಮುಗಿಬಿದ್ದು ಹಿಡಿದರು. ಮೂರು ವರ್ಷ ಒಬ್ಬರೂ ಕಂತು ತಪ್ಪಿಸಲಿಲ್ಲ. ಒಬ್ಬರೂ ಪಾಯ ತೋಡಿಸಲೂ ಇಲ್ಲ.

ಕೊನೆಯ ಕಂತು ತಂದ ಮುದುಕಿಯನ್ನು ಅವನು ಕೇಳಿದ: "ಮನೆ ಯಾವಾಗ ಕಟ್ಟಿಸ್ತೀಯವ್ವ?"

"ಮನೆ ಎಲ್ಲಿ ಕಟ್ಟಾದು ಸಾಮಿ. ನೀವು ಮಟ್ಟ ಮಾಡ್ಸಿದ್ ದಿಬ್ಬದಡೀಲೇ ನನ್ ಗಂಡನ್ನ ಮಣ್ಣು ಮಾಡಿರಾದು. ಎಲ್ಲಾರ್ದೂ ಹಂಗೇಯ."

ಶಿವನಂಜಪ್ಪ ರಸೀದಿ ಹರಿದು ಕೊಟ್ಟ. "ಮತ್ತೆ ಆ ಮೂಲೆ ಸೈಟು ಯಾಕೆ ಬಿಟ್ರಿ?"

ಮುದುಕಿ ರಸೀದಿಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು.

"ಅದ್ರಡೀಲಿ ಇನ್ನೂ ಯಾರೂ ಇಲ್ಲ. ನಿಮ್ಗೇ ಇರ್ಲಿ ಅಂತ."