ಒಂದೇ ತೂಕದ ಎರಡು ಪಿಸ್ತೂಲು

"ಬಾಗಿಲ ಕಡೆ ನೋಡ್ಬೇಡಪ್ಪ, ಕೈಯಲ್ಲಿರೋದನ್ನ ನೋಡು," ಎಂದಳು ಡೋರೀನ್.

ಲೈಲ್ ಪ್ರೂಯಿಟ್ ಎರಡನ್ನೂ ನೋಡಲಿಲ್ಲ. ಪಿಸ್ತೂಲನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ನಲವತ್ತೈದರ ಆಳು, ಮನೆಗಳಿಗೆ ಸೂರು ಹೊದಿಸುವ ಗುತ್ತಿಗೆದಾರ, ಬಾಗಿಲಗಲದ ಭುಜ. ಅಂಥವನು ಬಂದಾಗಿನಿಂದ ಹತ್ತು ಸಲ ಬಾಗಿಲ ಕಡೆ ತಿರುಗಿದ್ದ.

ಸಂಜೆ ಮನೆಗೆ ಹೋಗುವುದರೊಳಗೆ ಪಿಸ್ತೂಲು ಯಾವುದೆಂದು ಇತ್ಯರ್ಥವಾಗಬೇಕು. ಆಗದಿದ್ದರೆ ತನ್ನ ಜೀವಕ್ಕೆ ಖಾತ್ರಿಯಿಲ್ಲ. ಮೂರು ದಿನದಿಂದ ಅವನ ತಲೆಯಲ್ಲಿ ಬೇರೆ ಯೋಚನೆಯೇ ಸುಳಿದಿರಲಿಲ್ಲ.

ಲಬಕ್ ಊರಿನ ಈ ಬಂದೂಕಿನ ಅಂಗಡಿಯ ಗಾಜಿನ ಕೌಂಟರಿನ ಹಿಂದೆ ಡೋರೀನ್ ಮೂವತ್ತು ವರ್ಷ ನಿಂತವಳು. ಹೆದರಿದವರು ಅವಳಿಗೆ ಹೊಸಬರಲ್ಲ. ಹೆದರದವರು ಪಿಸ್ತೂಲು ಯಾಕೆ ಕೊಳ್ಳುತ್ತಾರೆ, ಹೇಳಿ?

"ಇದು ಹದಿಮೂರು ಔನ್ಸ್. ಒಂದು ತುಂಬಿದ ಬೀರ್ ಕ್ಯಾನಿನಷ್ಟೇ ಭಾರ, ಹಿಡಿಯೆಲ್ಲ ಪ್ಲಾಸ್ಟಿಕ್," ಎಂದಳು. "ಆದ್ರೆ ಹಗುರ ಅಂತ ಮೋಸ ಹೋಗ್ಬೇಡ. ಹಗುರ ಆದಷ್ಟೂ ಜೋರಾಗಿ ಒದೆಯುತ್ತೆ."

ಲೈಲ್ ಒಂದು ಬಟ್ಟೆಯ ಚೀಲ ಕೇಳಿದ. ಅದರೊಳಗೆ ಪಿಸ್ತೂಲನ್ನಿಟ್ಟು, ಎರಡೇ ಬೆರಳಲ್ಲಿ ಚೀಲದ ಹಿಡಿ ಎತ್ತಿ, ಮತ್ತೆ ಕಣ್ಣು ಮುಚ್ಚಿದ. ಗುಂಡು ತುಂಬಿ ತೂಗಬೇಕೆಂದ. ಕೌಂಟರಿನ ಮೇಲೆ ಗುಂಡು ತುಂಬಿದ ಪಿಸ್ತೂಲು ಈ ಜನ್ಮದಲ್ಲಿ ಆಗದ ಮಾತು ಎಂದ ಡೋರೀನ್, ಒಂದು ಹಿಡಿ ಗುಂಡುಗಳನ್ನು ಪುಟ್ಟ ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿದಳು.

"ಇದಲ್ಲ," ಎಂದ ಲೈಲ್.

ಸಂತೆಯಲ್ಲಿ ಕುಂಬಳಕಾಯಿ ತೂಗಿದ ಹಾಗೆ ತೂಗುತ್ತೀಯಲ್ಲ, ಗಂಡಸರು ಇದನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತಾರೆ ಎಂದು ಅವಳು ಚುಡಾಯಿಸಿದಳು. ಅವನು ನಗಲಿಲ್ಲ. ಆಮೇಲೆ ಇನ್ನೆರಡು ತೆಗೆದಳು, ಒಂದು ಕರಿಯದು, ಒಂದು ಬೂದು ಬಣ್ಣದ್ದು. ಪ್ರತಿಸಲವೂ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆಳೆದು ಒಳಗೆ ಖಾಲಿಯಿದೆಯೆಂದು ತೋರಿಸಿಯೇ ಕೊಟ್ಟಳು. ಕರಿಯದರ ಹಿಡಿ ತರಿತರಿ, ಬೂದು ಬಣ್ಣದ್ದು ನಯ. ಲೈಲ್ ಹಿಡಿಯ ಕಡೆ ಗಮನವನ್ನೇ ಕೊಡಲಿಲ್ಲ. ಚೀಲಕ್ಕೆ ಹಾಕಿ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಹಣೆಯಲ್ಲಿ ಬೆವರು ಒಡೆಯಿತು.

"ಎರಡೂ ಒಂದೇ ಥರ ಇದೆಯಲ್ಲ ಮೇಡಂ."

"ತೂಕ ಒಂದೇ. ಗುಣ ಬೇರೆ." ಡೋರೀನ್ ಬೂದು ಬಣ್ಣದ್ದನ್ನು ಪ್ರೀತಿಯಿಂದ ತಟ್ಟಿದಳು. "ಇಂಥದ್ದೇ ಒಂದನ್ನ ಹಿಂದುಗಡೆ ಗುರಿ ಹೊಡೆಯೋ ರೇಂಜಲ್ಲಿ ಬಾಡಿಗೆಗೆ ಬಿಟ್ಟಿದೀನಿ. ಆರು ಸಾವಿರ ಗುಂಡು ಹೊಡ್ದಿದಾರೆ, ಒಂದ್ಸಲಾನೂ ಕೈ ಕೊಟ್ಟಿಲ್ಲ."

ಲೈಲ್‌ನ ಮುಖ ಬಿಳಿಚಿತು. ಒಳ್ಳೆಯ ಮಾತು ಕೇಳಿ ಬಿಳಿಚಿಕೊಂಡ ಗಿರಾಕಿಯನ್ನು ಅವಳು ಕಂಡಿದ್ದೇ ಇಲ್ಲ. ಬೆಲೆಯ ಚೀಟಿ ನೋಡಿರಬೇಕು ಎಂದುಕೊಂಡಳು.

"ಕರೀದು?"

"ಗಟ್ಟಿ ಕೈಯಲ್ಲಿ ಚಿನ್ನದಂಥದ್ದು. ಮಣಿಕಟ್ಟು ಸಡಿಲ ಬಿಟ್ರೆ ಮಾತ್ರ ಎರಡನೇ ಗುಂಡು ಸಿಕ್ಕಾಕೊಳ್ಳುತ್ತೆ."

ಅವನು ಕೌಂಟರಿನ ಮೇಲೆ ಬಾಗಿದ. "ಮಣಿಕಟ್ಟು ಉಳುಕಿದ್ರೆ?"

"ಹಾಗಿದ್ರೆ ಕೇಳೋದೇ ಬೇಡ, ಬೂದು ಬಣ್ಣದ್ದೇ ತಗೋ. ಯಾವಾಗ ಉಳುಕಿದ್ದು?"

"ಗುರುವಾರ."

ಡೋರೀನ್ ಅವನ ಕೈ ನೋಡಿದಳು. ಮಣಿಕಟ್ಟು ಊದಿದಂತೆ ಕಾಣಲಿಲ್ಲ. ಬಲಗೈಯ ಬೆರಳಗೆಣ್ಣುಗಳ ಚರ್ಮ ಮಾತ್ರ ಕಿತ್ತುಹೋಗಿತ್ತು. ಏಣಿ ಹತ್ತುವವರಿಗೆ ಇದೆಲ್ಲ ಇದ್ದದ್ದೇ.

ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿ ಎಂದಿತು. ಅಂಜುವವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ಅಷ್ಟು ದೊಡ್ಡ ಆಳು ಬೂಟಿನ ಕಪಾಟಿನ ಹಿಂದೆ ಮುದುಡಿ ಕುಳಿತುಬಿಟ್ಟ. ಬಂದವನು ಕೊರಿಯರ್‌ನವನು, ಪೆಟ್ಟಿಗೆ ಇಟ್ಟು, ಸಹಿ ಹಾಕಿಸಿಕೊಂಡು ಹೋದ.

ಡೋರೀನ್ ಅವನನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದಳು. ಕಾಫಿ ಬಗ್ಗಿಸಿ ಕೊಟ್ಟು, ಯಾರ ಭಯ, ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಪೊಲೀಸರಿಗೆ ಏನಂತ ಹೇಳಲಿ ಎಂದ ಅವನು. ಶನಿವಾರದಿಂದ ಕಣ್ಣಿಗೆ ನಿದ್ದೆಯಿಲ್ಲ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲೇ ರಾತ್ರಿ ಕಳೆಯುತ್ತಾನೆ. ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ, ಪೆಟ್ರೋಲ್ ಬಂಕಿನ ತಣ್ಣನೆಯ ಬರೀಟೊ ರೊಟ್ಟಿಸುರುಳಿ ತಿಂದು ಬದುಕಿದ್ದಾನೆ. ಇಷ್ಟು ಹೇಳುವಷ್ಟರಲ್ಲಿ ಕಪ್ಪಿನ ಕಾಫಿ ಅರ್ಧ ಅವನ ಅಂಗಿಯ ಮೇಲಿತ್ತು.

"ಮನೇಲಿ ಹೆಂಡ್ತಿ ಇದಾಳಾ?"

"ಇದಾಳೆ."

"ಪಾಪ, ಅವಳೆಷ್ಟು ಹೆದರಿದಾಳೋ."

ಲೈಲ್ ಕಪ್ಪನ್ನು ಕೌಂಟರಿನ ಮೇಲಿಟ್ಟ. "ಮೊದ್ಲು ಹೆದರ್ತಿದ್ಲು. ಈಗ ಇಲ್ಲ."

ಅದೇ ಬೇಕಾಗಿರುವುದು, ಮನೆಯಲ್ಲಿ ಒಬ್ಬರಿಗಾದರೂ ಧೈರ್ಯ ಇರಬೇಕು ಎಂದು ಡೋರೀನ್ ಬೆನ್ನು ತಟ್ಟುವ ದನಿಯಲ್ಲಿ ಹೇಳಿದಳು. ಅವಳ ಮನಸ್ಸಿನಲ್ಲಿ ವ್ಯಾಪಾರ ಮುಗಿದಿತ್ತು. ಬೂದು ಬಣ್ಣದ ಪಿಸ್ತೂಲನ್ನು ಅವನತ್ತ ಸರಿಸಿ, ಸರ್ಕಾರಿ ಅರ್ಜಿಯನ್ನೂ ಪೆನ್ನನ್ನೂ ಪಕ್ಕದಲ್ಲಿಟ್ಟಳು. ಹೆಸರು, ವಿಳಾಸ, ಹುಟ್ಟಿದ ದಿನ ಬರಿ, ನಿನ್ನ ಹಿನ್ನೆಲೆಯ ತನಿಖೆ ಅರ್ಧ ಗಂಟೆಯ ಕೆಲಸ ಎಂದಳು.

ಲೈಲ್ ಅರ್ಜಿಯನ್ನು ಹಿಂದಕ್ಕೆ ತಳ್ಳಿದ. ಕರಿಯದನ್ನೂ ಬೂದು ಬಣ್ಣದ್ದನ್ನೂ ಪಕ್ಕಪಕ್ಕದಲ್ಲಿಟ್ಟ. ಒಂದೊಂದನ್ನೂ ಮತ್ತೊಮ್ಮೆ ಎತ್ತಿ ಇಳಿಸಿದ.

"ನನ್ನ ಹೆಂಡ್ತಿ ಚೀಲ ಎತ್ತಿ ನೋಡ್ದೆ, ಇಷ್ಟೇ ಭಾರ ಇತ್ತು. ಶನಿವಾರ ಅವಳು ನಿಮ್ಮತ್ರ ತಗೊಂಡು ಹೋಗಿದ್ದು ಇವೆರಡರಲ್ಲಿ ಯಾವುದು ಮೇಡಂ?"