ಹಿಂದಕ್ಕೆ ಪಡೆದ ಹನ್ನೊಂದು ಪುಟ

ಮೊದಲ ಮೀನು ಸಿಕ್ಕುವುದರೊಳಗೆ ಹೇಳಿಬಿಡಬೇಕು ಎಂದು ಬೆರಿಟ್ ಲುಂಡಾಲ್ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಹೆಪ್ಪುಗಟ್ಟಿದ ಸರೋವರದ ಮೇಲೆ ನಿಲ್ಲಿಸಿದ ಹಲಗೆಯ ಗೂಡಿನೊಳಗೆ, ಗಾಳ ಬಿಡಲು ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಆಚೀಚೆ, ಬಕೆಟ್ ಬೋರಲು ಹಾಕಿಕೊಂಡು ಇಬ್ಬರು ಕೂತಿದ್ದರು. ಎದುರಿಗಿದ್ದವಳು ರಮೋನಾ ಬೆಲ್ಕೋರ್ಟ್. ಹತ್ತೊಂಬತ್ತು ವರ್ಷದ ಹಿಂದೆ ಬೆರಿಟ್ ಅವರ ಲಾ ಕ್ಲರ್ಕ್ ಆಗಿ, ತೀರ್ಪು ಬರೆಯಲು ನೆರವಾಗುತ್ತಿದ್ದವಳು. ಬೆರಿಟ್ ಮೂವತ್ತೊಂದು ವರ್ಷ ಕೂತು ಎದ್ದುಬಂದ ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲೇ ಈಗ ಎಂಟು ತಿಂಗಳಿಂದ ಅವಳೂ ನ್ಯಾಯಾಧೀಶೆ. ಪ್ರತಿವರ್ಷ ಫೆಬ್ರವರಿಯ ಒಂದು ಶನಿವಾರ ಹಳೆಯ ಕ್ಲರ್ಕುಗಳೆಲ್ಲ ಇಲ್ಲಿಗೆ ಮೀನು ಹಿಡಿಯಲು ಬರುವುದು ರೂಢಿ. ಈ ಸಲ ಬೆರಿಟ್ ಕರೆದದ್ದು ಇವಳೊಬ್ಬಳನ್ನೇ.

“ಇನ್ನಾದ್ರೂ ಮೇಡಂ ಅನ್ನೋದು ಬಿಡೇ. ನೀನೂ ಜಡ್ಜೇ ಈಗ.”

“ಬಾಯಿಗೆ ಬರಲ್ಲ ಮೇಡಂ. ಕೋರ್ಟಲ್ಲಿ ಯಾರಾದ್ರೂ ಜಡ್ಜ್ ಅಂತ ಕರೆದ್ರೆ, ಹಿಂದೆ ನೀವೇ ಬಂದ್ರೇನೋ ಅಂತ ತಿರುಗಿ ನೋಡ್ತೀನಿ.”

ಬೆರಿಟ್ ನಕ್ಕರು. ಜರಡಿಯಂಥ ಸೌಟನ್ನು ಎತ್ತಿಕೊಂಡು ನೀರಿನ ಮೇಲೆ ಕಟ್ಟುತ್ತಿದ್ದ ಮಂಜಿನ ಪದರವನ್ನು ತೆಗೆಯತೊಡಗಿದರು. ಕೋಟಿನ ಒಳಜೇಬಿನಲ್ಲಿ ಒಂದು ಕ್ರಿಸ್ಮಸ್ ಕಾರ್ಡಿತ್ತು. ಡಿಸೆಂಬರಿನಲ್ಲಿ ಅದು ಬಂದ ದಿನವೇ ರಮೋನಾಗೆ ಫೋನ್ ಮಾಡಬೇಕಿತ್ತು. ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ನಾಲ್ಕು ಸಲವೂ ಇಟ್ಟಿದ್ದರು. ಇಂಥದ್ದನ್ನು ಎದುರಿಗೆ ಕೂತೇ ಹೇಳಬೇಕು, ಹೇಗೂ ಫೆಬ್ರವರಿಗೆ ಬರುತ್ತಾಳಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಹೇಳಬೇಕಿದ್ದದ್ದು ಲೆಸ್ಟರ್ ಹೂಪರ್ ಎಂಬವನ ವಿಷಯ. ಒಬ್ಬನೇ ಒಬ್ಬ ಸಾಕ್ಷಿಯ ಮಾತಿನ ಮೇಲೆ ಅವನಿಗೆ ಮೂವತ್ತು ವರ್ಷ ಶಿಕ್ಷೆಯಾಗಿತ್ತು. ತಾನೂ ಜೈಲಿನಲ್ಲಿದ್ದ ಆ ಸಾಕ್ಷಿಗೆ ಬಿಡುಗಡೆಯ ಆಸೆ ತೋರಿಸಿದ್ದ ಕಾಗದವನ್ನು ಸರ್ಕಾರದ ಕಡೆಯವರು ಮುಚ್ಚಿಟ್ಟಿದ್ದರು. ಮೇಲ್ಮನವಿ ಕೇಳಿದ ಮೂವರಲ್ಲಿ ಇಬ್ಬರು, ಆ ಕಾಗದ ಸಿಕ್ಕಿದ್ದರೂ ಫಲ ಇಷ್ಟೇ ಎಂದರು. ಬೆರಿಟ್ ಒಪ್ಪದೆ ಹನ್ನೊಂದು ಪುಟದ ಭಿನ್ನ ತೀರ್ಪು ಬರೆದರು. ಕೂತು ಅದರ ಕರಡು ಸಿದ್ಧಪಡಿಸಿದವಳು ರಮೋನಾ. ಆಮೇಲೆ ಆ ಇಬ್ಬರಲ್ಲಿ ಹಿರಿಯರಾದ ಜಡ್ಜ್ ಗ್ಯಾಲೊವೆ ಊಟಕ್ಕೆ ಕರೆದು, ನಿನ್ನದೊಂದು ಮತದಿಂದ ಅವನೇನೂ ಬಿಡುಗಡೆಯಾಗುವುದಿಲ್ಲ, ವರ್ಷಗಟ್ಟಲೆ ಒಟ್ಟಿಗೆ ಕೂರಬೇಕಾದವರು ನಾವು, ಸಣ್ಣ ಕೇಸಿಗೆಲ್ಲ ಮನಸ್ತಾಪ ಯಾಕೆ ಎಂದಿದ್ದರು. ಬೆರಿಟ್ ಹನ್ನೊಂದು ಪುಟವನ್ನೂ ಹಿಂದಕ್ಕೆ ಪಡೆದರು. ಹಿಂದಕ್ಕೆ ಪಡೆದ ಭಿನ್ನ ತೀರ್ಪಿನ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಮೂವರೂ ಒಪ್ಪಿ ಮೇಲ್ಮನವಿ ವಜಾ ಮಾಡಿದ್ದಾರೆ ಎಂದಷ್ಟೇ ಹೊರಗೆ ಹೋಯಿತು.

“ರಮೋನಾ, ನಿನ್ನ ಹತ್ರ ಒಂದು ಮಾತು...”

“ಮೊದ್ಲು ನಂದು ಕೇಳಿ ಮೇಡಂ. ನಿಮಗೆ ಹೇಳ್ಬೇಕು ಅಂತ ದಾರಿಯುದ್ದಕ್ಕೂ ಕಾದ್ಕೊಂಡು ಬಂದಿದೀನಿ.” ರಮೋನಾ ಕಾಫಿ ಸುರಿದುಕೊಂಡಿದ್ದ ಫ್ಲಾಸ್ಕಿನ ಮುಚ್ಚಳವನ್ನು ಮೊಣಕಾಲ ಮೇಲಿಟ್ಟುಕೊಂಡಳು. “ಬುಧವಾರ ನನ್ನ ಮೊದಲನೇ ಭಿನ್ನ ತೀರ್ಪು ವಾಪಸ್ ತಗೊಂಡೆ. ಜೊತೆಯವರಿಬ್ಬರಿಗೂ ಎಷ್ಟು ಖುಷಿ ಅಂತೀರ. ಹೂಪರ್ ಕೇಸಲ್ಲಿ ನೀವು ತಗೊಂಡಾಗ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ, ಗೊತ್ತಾ? ಹುಡುಗುಬುದ್ಧಿ. ಯಾವುದಕ್ಕೆ ಜಗಳ ಆಡ್ಬೇಕು, ಯಾವುದನ್ನ ಬಿಡ್ಬೇಕು ಅನ್ನೋದು ನಿಮ್ಮನ್ನ ನೋಡೇ ಕಲಿತಿದ್ದು.”

ಈ ಕೊನೆಯ ಮಾತನ್ನು ಅವಳು ಹಿಂದೆಯೂ ಆಡಿದ್ದಳು, ಬೆರಿಟ್ ಅವರ ಬೀಳ್ಕೊಡುಗೆಯ ದಿನ, ಇನ್ನೂರು ಜನರೆದುರು. ಬೆರಿಟ್ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದರು.

ಅವರೀಗ ಜೇಬಿನಿಂದ ಕಾರ್ಡನ್ನು ತೆಗೆದು ತೂತಿನ ಮೇಲಿಂದ ಚಾಚಿದರು. ಲೆಸ್ಟರ್ ಹೂಪರನ ತಂಗಿ ಬರೆದದ್ದು. ಅಣ್ಣ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡನಂತೆ. ಮೂವರು ಜಡ್ಜುಗಳಿಗೂ ಒಂದೇ ಒಕ್ಕಣೆ ಬರೆದಿದ್ದಳು. ಬೈಗುಳ ಒಂದೂ ಇರಲಿಲ್ಲ. ಕೊನೆಯ ಸಾಲು ಹೀಗಿತ್ತು: ‘ತಾನು ತಪ್ಪು ಮಾಡಿಲ್ಲ ಅಂತ ಅಣ್ಣ ಮೊದಮೊದಲು ಹೇಳುತ್ತಿದ್ದ. ಆಮೇಲೆ, ಅಷ್ಟು ಓದಿದ ಮೂರು ಜನರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ ಅಂದರೆ ನನ್ನ ನೆನಪೇ ಸರಿಯಿಲ್ಲವೇನೋ ಅನ್ನುವುದಕ್ಕೆ ಶುರುಮಾಡಿದ.’

ರಮೋನಾ ಎರಡು ಸಲ ಓದಿದಳು.

“ಅವತ್ತು ನಾನು ಮಾಡಿದ್ದು ಜಾಣತನ ಅಲ್ಲ ಕಣೇ,” ಎಂದರು ಬೆರಿಟ್. “ಹೆದರಿಕೆ. ಗ್ಯಾಲೊವೆ ನನ್ನ ಜೊತೆ ಊಟಕ್ಕೆ ಕೂರೋದು ಬಿಟ್ಟಾನು ಅಂತ. ನೀನು ಸೋಮವಾರ ಬೆಳಗ್ಗೆನೇ ಹೋಗಿ ನಿಂದು ತಿರುಗಿ ಸೇರಿಸು.”

“ಇದು ಯಾವಾಗ ಬಂದಿದ್ದು?”

“ಡಿಸೆಂಬರ್.”

ರಮೋನಾ ಕಾರ್ಡನ್ನು ಮಡಿಸಿ ಲಕೋಟೆಯೊಳಗೆ ಸೇರಿಸಿದಳು. ಅದು ಸರಿಯಾಗಿ ಕೂರಲಿಲ್ಲ. ಮತ್ತೆ ತೆಗೆದು ಮತ್ತೆ ಸೇರಿಸಿದಳು. “ನಿನ್ನೆ ಮಧ್ಯಾಹ್ನ ತೀರ್ಪು ಹೊರಗೆ ಹೋಯ್ತು ಮೇಡಂ, ಇನ್ನೇನೂ ಸೇರಿಸೋಕಾಗಲ್ಲ,” ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಬೆರಿಟ್‌ಗೆ ಸ್ವಲ್ಪ ಹಗುರಾಗುತ್ತಿತ್ತು.

ಬೆರಿಟ್ ಸೌಟನ್ನೆತ್ತಿ ತೂತಿನಲ್ಲಿ ಮತ್ತೆ ಕಟ್ಟಿದ್ದ ಮಂಜಿನ ಪದರವನ್ನು ತೆಗೆದರು.

“ಏನವನ ಹೆಸರು?” ಬೆರಿಟ್ ಕೇಳಿದರು.

“ಯಾರ್ದು?”

“ನಿನ್ನ ಕೇಸಿನವನದು.”

ರಮೋನಾ ತಡಮಾಡದೆ ಕೇಸಿನ ನಂಬರು ಹೇಳಿದಳು, ಇಸವಿ ಹೇಳಿದಳು, ಯಾವ ಜಿಲ್ಲೆಯಿಂದ ಬಂದದ್ದೆಂದು ಹೇಳಿದಳು.

“ಹೆಸರು... ಸೋಮವಾರ ಫೈಲ್ ನೋಡಿ ಹೇಳ್ತೀನಿ,” ಎಂದಳು.